ಅಣೆಕಟ್ಟಿನಾಚೆಯ ಸರ್ ಎಂವಿ: ಓದುವ ಮಕ್ಕಳಿಗೆ ದುಡಿಮೆ ಕಲಿಸಹೊರಟ ದಿವಾನ

ಹಾಸನ: ಹಾಸನದಿಂದ ಬೇಲೂರಿನತ್ತ ಸಾಗುವ ಹಾದಿಯಲ್ಲಿ ತುಸು ಒಳಕ್ಕೆ ತಿರುಗಿದರೆ ದೊಡ್ಡಗದ್ದವಳ್ಳಿ ಸಿಗುತ್ತದೆ. ಇಲ್ಲಿನ ಲಕ್ಷ್ಮೀದೇವಿ ದೇವಾಲಯ ಹೊಯ್ಸಳ ಶೈಲಿಯ ತೀರಾ ಹಳೆಯ ಗುಡಿಗಳ ಪೈಕಿ ಒಂದು. ವಿಷ್ಣುವರ್ಧನನ ಆಳ್ವಿಕೆಯಲ್ಲಿ, ಸುಮಾರು 1113-14ರಲ್ಲಿ ಇದು ನಿರ್ಮಾಣವಾಯಿತು. ಆದರೆ ಇದನ್ನು ಕಟ್ಟಿಸಿದವರು ಅರಸರಲ್ಲ, ದಂಡನಾಯಕರೂ ಅಲ್ಲ. ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಆತನ ಪತ್ನಿ ಸಹಜಾದೇವಿ. ವ್ಯಾಪಾರಸ್ಥ ದಂಪತಿ ಸಿರಿಯ ದೇವತೆಗೆ ಗುಡಿ ಕಟ್ಟಿಸಿ ಶಾಸನದಲ್ಲಿ ತಮ್ಮ ಹೆಸರನ್ನು ಉಳಿಸಿಕೊಂಡರು. ಆ ಕಾಲಕ್ಕೆ ವರ್ತಕನೆಂದರೆ ಊರಿಗೆ ದೊಡ್ಡವನು.

ಎಂಟು ಶತಮಾನ ಕಳೆಯುವಷ್ಟರಲ್ಲಿ ಇದೇ ಸೀಮೆಯ ಲೆಕ್ಕಾಚಾರ ತಿರುವುಮುರುವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಗನನ್ನು ಹೈಸ್ಕೂಲಿಗೆ ಸೇರಿಸುವ ತಂದೆಯ ಕನಸು ಒಂದೇ ಆಗಿತ್ತು. ಹುಡುಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಬೇಕು, ತಿಂಗಳಿಗೊಮ್ಮೆ ಸಂಬಳ ತರಬೇಕು. ಅಂಗಡಿ, ಕುಲುಮೆ, ಮಗ್ಗ ಇವೆಲ್ಲ ಓದು ತಲೆಗೆ ಹತ್ತದವರ ಪಾಲಿನವು. ಮೈಸೂರು ಸಂಸ್ಥಾನದಲ್ಲಿ ಈ ಮನೋಭಾವದ ವಿರುದ್ಧ ಅತ್ಯಂತ ದೀರ್ಘಕಾಲ ಹೋರಾಡಿದ ವ್ಯಕ್ತಿ ಸ್ವತಃ ಸರ್ಕಾರಿ ನೌಕರಿಯ ಏಣಿಯಲ್ಲಿ ತುತ್ತತುದಿಗೆ ಏರಿದವರು ಎಂಬುದೇ ವಿಶೇಷ. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನಾಚರಣೆಯ ಸಂದರ್ಭದಲ್ಲಿ ಕನ್ನಂಬಾಡಿ ಕಟ್ಟೆ, ಸ್ವಯಂಚಾಲಿತ ತೂಬುಗಳು, ಎರಡು ದೀಪಗಳ ಕಥೆ ತಪ್ಪದೆ ನೆನಪಾಗುತ್ತವೆ. ಸರ್ಕಾರಿ ಕೆಲಸಕ್ಕೊಂದು ದೀಪ, ಸ್ವಂತ ಕೆಲಸಕ್ಕೊಂದು ದೀಪ ಎಂಬ ಆ ಕಥೆ ನಡೆದಿದ್ದೋ ಕಟ್ಟಿದ್ದೋ, ಶಾಲಾ ಮಕ್ಕಳಿಗಂತೂ ಕಂಠಪಾಠ. ಆದರೆ ಅದೇ ಮಕ್ಕಳಿಗೆ ಲೆಕ್ಕಪತ್ರ ಇಡುವುದನ್ನು, ಒಂದು ಸರಕು ತಯಾರಿಸುವುದನ್ನು, ಮಾರುಕಟ್ಟೆಗೆ ಒಯ್ಯುವುದನ್ನು ಕಲಿಸಬೇಕೆಂದು ಅವರು ಅರ್ಧ ಶತಮಾನ ಕಾಲ ಹೇಳಿದ್ದು ಯಾರಿಗೂ ಅಷ್ಟಾಗಿ ನೆನಪಿಲ್ಲ. ಇಂದು ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ 9 ಮತ್ತು 10ನೇ ತರಗತಿಗೆ ವೃತ್ತಿ ಶಿಕ್ಷಣದ ವಿಷಯಗಳಿವೆ. ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ, ಆಟೊಮೊಬೈಲ್ ಮುಂತಾದವುಗಳ ಜೊತೆಗೆ ಉದ್ಯಮಶೀಲತೆಯ ಪಾಠವೂ ಒಂದು ಘಟಕವಾಗಿ ಸೇರಿದೆ. ಇದನ್ನು ಹೊಸ ಕಾಲದ ಹೊಸ ಆಲೋಚನೆ ಎಂದು ಬಣ್ಣಿಸುವವರು ಮೈಸೂರಿನ ಹಳೆಯ ಕಡತಗಳತ್ತ ಒಮ್ಮೆ ಕಣ್ಣು ಹಾಯಿಸುವುದು ಒಳಿತು.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಹೈಸ್ಕೂಲಿನ ಹಂತ ದಾಟುವ ಮೊದಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಸರೆಯಲ್ಲಿ ಓದು ಮುಂದುವರಿಯಿತು. ಮೊದಲು ವೆಸ್ಲಿಯನ್ ಮಿಷನ್ ಹೈಸ್ಕೂಲು, ಬಳಿಕ ಸೆಂಟ್ರಲ್ ಕಾಲೇಜು.

ಕಾಲೇಜಿನ ದಿನಗಳಲ್ಲಿ ಖರ್ಚಿಗೆ ಹಣವಿರಲಿಲ್ಲ. ನಗರದಲ್ಲಿದ್ದ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ, ಬಂದ ದುಡ್ಡಿನಲ್ಲಿ ತಮ್ಮ ಓದಿನ ಖರ್ಚು ನಿಭಾಯಿಸಿಕೊಂಡರು. ಇದನ್ನು ಕಷ್ಟಸಹಿಷ್ಣುತೆಯ ಉದಾಹರಣೆಯಾಗಿ ಹೇಳುವುದು ವಾಡಿಕೆ. ಅದರಲ್ಲಿ ಇನ್ನೊಂದು ಸಂಗತಿಯೂ ಇದೆ. ತನ್ನಲ್ಲಿರುವ ಒಂದು ವಿದ್ಯೆಗೆ ಬೆಲೆಯಿದೆ, ಅದನ್ನು ಬೇಕಾದವರಿಗೆ ಒದಗಿಸಿ ಬದುಕು ಕಟ್ಟಿಕೊಳ್ಳಬಹುದು ಎಂಬುದು ಆ ಹದಿಹರೆಯದ ಹುಡುಗನಿಗೆ ಯಾವ ತರಗತಿಯಲ್ಲೂ ಹೇಳಿಕೊಡದ ಪಾಠವಾಗಿತ್ತು.

ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಅವರು 1883ರಲ್ಲಿ ಪ್ರಥಮ ಸ್ಥಾನದಲ್ಲಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ. ಮುಂದಿನ ಕಾಲು ಶತಮಾನದ ಆ ಸೇವೆಯ ಕಥೆ ಎಲ್ಲರಿಗೂ ಗೊತ್ತಿರುವಂಥದು. ಸಿಂಧ್ ಪ್ರಾಂತ್ಯದ ಸುಕ್ಕೂರಿನ ನೀರು ಪೂರೈಕೆ, ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ತೂಬುಗಳು, ಏಡನ್ ನಗರದ ಯೋಜನೆ ಇವುಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಆದರೆ 1898ರ ಒಂದು ಪ್ರವಾಸವನ್ನು ಬಿಡುವಂತಿಲ್ಲ. ರಜೆಯ ಮೇಲೆ ಅವರು ಜಪಾನಿಗೆ ಹೋಗಿದ್ದರು. ಮೂರು ದಶಕಗಳ ಹಿಂದಷ್ಟೇ ಹಳೆಯ ವ್ಯವಸ್ಥೆಯಿಂದ ಹೊರಬಂದಿದ್ದ ಆ ದೇಶ ಅಷ್ಟರಲ್ಲೇ ಕೈಗಾರಿಕಾ ರಾಷ್ಟ್ರವಾಗುವ ಹಾದಿಯಲ್ಲಿತ್ತು. ಕಾರ್ಖಾನೆಗಳಷ್ಟೇ ಆಸಕ್ತಿಯಿಂದ ಅವರು ಅಲ್ಲಿನ ಶಾಲೆಗಳನ್ನು ಗಮನಿಸಿದರು. ಸಾಮಾನ್ಯ ಜನರ ಮಕ್ಕಳಿಗೆ ಅಕ್ಷರದೊಂದಿಗೆ ಕಸುಬು, ವಾಣಿಜ್ಯ, ಬೇಸಾಯದ ಶಿಕ್ಷಣ ಸಿಗುವಂತೆ ಜಪಾನ್ ಮಾಡಿದ ಏರ್ಪಾಡು ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿತು. ಕಂಡದ್ದನ್ನು ಬರೆದಿಟ್ಟುಕೊಂಡರೂ ಸರ್ಕಾರಿ ಸೇವೆಯಲ್ಲಿದ್ದ ಕಾರಣ ಆಗ ಪ್ರಕಟಿಸಲಿಲ್ಲ. ಆ ಟಿಪ್ಪಣಿಗಳ ಫಲ ಕಾಣಿಸಿಕೊಂಡಿದ್ದು ಹತ್ತು ಹನ್ನೆರಡು ವರ್ಷಗಳ ನಂತರ, ಮೈಸೂರಿನಲ್ಲಿ.

1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯನವರು ಕಟ್ಟಡ, ಕಾಲುವೆಗಳಷ್ಟಕ್ಕೇ ಸೀಮಿತರಾಗಲು ಒಪ್ಪಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲದೊಂದಿಗೆ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಗಲು ಅವರೇ ಪ್ರೇರಕರಾದರು. ಬೇಸಾಯ, ಕೈಗಾರಿಕೆ ಮತ್ತು ವಾಣಿಜ್ಯ, ಶಿಕ್ಷಣ ಈ ಮೂರಕ್ಕೂ ಪ್ರತ್ಯೇಕ ಸಮಿತಿಗಳು ರಚನೆಯಾದವು. ಆರ್ಥಿಕ ಪ್ರಗತಿಗೆಂದು ಕರೆದ ಸಭೆಯಲ್ಲಿ ಶಿಕ್ಷಣಕ್ಕೇಕೆ ಸ್ಥಾನ ಎಂದು ಕೇಳಿದವರಿಗೆ ಅವರ ಬಳಿ ಉತ್ತರ ಸಿದ್ಧವಿತ್ತು. ಜನರ ಸಂಪಾದನೆಯ ಶಕ್ತಿ ಹೆಚ್ಚದೆ ಸಂಸ್ಥಾನದ ಬೊಕ್ಕಸ ತುಂಬದು, ಕಲಿಕೆಯಿಲ್ಲದೆ ಆ ಶಕ್ತಿ ಹೆಚ್ಚದು ಎಂಬುದು ಅವರ ವಾದ.

1912ರ ನವೆಂಬರ್‌ನಲ್ಲಿ ಅವರು ದಿವಾನರಾದರು. ಹುದ್ದೆ ಒಪ್ಪಿಕೊಳ್ಳುವ ಮೊದಲು ಬಂಧುಗಳನ್ನು ಊಟಕ್ಕೆ ಕರೆದು, ಯಾರೂ ತಮ್ಮಿಂದ ನೌಕರಿಯ ಶಿಫಾರಸು ನಿರೀಕ್ಷಿಸಬಾರದೆಂದು ಮಾತು ಪಡೆದ ಪ್ರಸಂಗ ಪ್ರಸಿದ್ಧ. ಓದಿದವರಿಗೆಲ್ಲ ಸರ್ಕಾರವೇ ಕೆಲಸ ಕೊಡಬೇಕೆಂಬ ನಿರೀಕ್ಷೆ ಎಷ್ಟು ಆಳಕ್ಕೆ ಬೇರೂರಿತ್ತೆಂಬುದಕ್ಕೆ, ದಿವಾನರಾಗುವವರು ಮೊದಲು ಮನೆಯವರಿಂದಲೇ ರಕ್ಷಣೆ ಪಡೆಯಬೇಕಾಗಿ ಬಂದದ್ದು ಸಾಕ್ಷಿ.

ಮುಂದಿನ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ರ ಆಸುಪಾಸಿಗೆ ಏರಿತು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾಯಿದೆ ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅಲ್ಲಿಯವರೆಗೆ ನಮ್ಮ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು. ಇವೆಲ್ಲ ಇತಿಹಾಸದ ಪುಸ್ತಕಗಳಲ್ಲಿರುವ ಸಂಗತಿಗಳೇ. ಅವುಗಳ ನೆರಳಿನಲ್ಲಿ ಮರೆಯಾದದ್ದು, ಕಾಲೇಜಿನ ಮೆಟ್ಟಿಲು ಹತ್ತದ ಬಹುಪಾಲು ಮಕ್ಕಳಿಗಾಗಿ ಅವರು ರೂಪಿಸಿದ ಮತ್ತೊಂದು ಸಾಲು ಸಂಸ್ಥೆಗಳು. ಹೆಬ್ಬಾಳದಲ್ಲಿ ಬೇಸಾಯದ ಶಾಲೆ, ಬೆಂಗಳೂರಿನಲ್ಲಿ ವಾಣಿಜ್ಯ ಶಾಲೆ ಹಾಗೂ ಮೆಕ್ಯಾನಿಕಲ್ ಎಂಜಿನಿಯರಿಂಗ್ ಶಾಲೆ, ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಜಿಲ್ಲಾ ಕೇಂದ್ರಗಳಲ್ಲಿ ಕೈಗಾರಿಕಾ ಶಾಲೆಗಳು. ಬಡಗಿ ಕೆಲಸ, ಕಮ್ಮಾರಿಕೆ, ನೇಯ್ಗೆ, ಲೆಕ್ಕ ಬರೆಯುವುದು ಇವು ಅಲ್ಲಿ ದಂಡನೆಯಲ್ಲ, ಪಾಠ.

ಕಲಿತ ಹುಡುಗ ಹೊರಬಂದು ಏನು ಮಾಡಬೇಕು ಎಂಬ ಪ್ರಶ್ನೆಯನ್ನೂ ಅವರು ಹಾಗೆಯೇ ಬಿಡಲಿಲ್ಲ. ಬಂಡವಾಳಕ್ಕೆ ಬ್ಯಾಂಕು ಬೇಕು. 1913ರಲ್ಲಿ ಮೈಸೂರು ಬ್ಯಾಂಕ್ ಹುಟ್ಟಿತು. ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ ಬೆಳೆದ ಆ ಬ್ಯಾಂಕ್ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ವರ್ತಕರು ಒಂದೆಡೆ ಕೂಡಲು ವೇದಿಕೆ ಬೇಕು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ರಚನೆಯಾಯಿತು. ಸರಕು ಸಾಗಲು ರೈಲು ಬೇಕು. ಮೈಸೂರಿನಿಂದ ಹೊಳೆನರಸೀಪುರ, ಹಾಸನ ಮಾರ್ಗವಾಗಿ ಅರಸೀಕೆರೆಗೆ ಹೋಗುವ ರೈಲುದಾರಿ ಅವರ ಆಡಳಿತದ ಕಾಲದ್ದೇ ಕೂಸು. ಹಾಸನ ಸೀಮೆಯ ಭತ್ತ, ರಾಗಿ, ತೆಂಗಿನಕಾಯಿಗೆ ದೂರದ ಪೇಟೆಯ ಬಾಗಿಲು ತೆರೆಯುವ ಹಾದಿಯದು.

ಉದ್ಯಮವೆಂದರೇನು ಎಂಬುದಕ್ಕೆ ಅವರ ಕಾಲದ ಅತ್ಯುತ್ತಮ ಪಾಠ ಶಾಲೆಯಲ್ಲಿ ನಡೆದದ್ದಲ್ಲ, ಕಾಡಿನಲ್ಲಿ. ಮೈಸೂರಿನ ಶ್ರೀಗಂಧದ ಮರವನ್ನು ಸರ್ಕಾರ ಹರಾಜಿನಲ್ಲಿ ಮಾರುತ್ತಿತ್ತು. ಮರ ಹಡಗೇರಿ ಯುರೋಪಿಗೆ ಹೋಗುತ್ತಿತ್ತು. ಅಲ್ಲಿ, ಮುಖ್ಯವಾಗಿ ಜರ್ಮನಿಯಲ್ಲಿ, ಅದರಿಂದ ಎಣ್ಣೆ ತೆಗೆಯಲಾಗುತ್ತಿತ್ತು. ಲಾಭದ ದೊಡ್ಡ ಪಾಲು ಎಣ್ಣೆ ತೆಗೆದವರಿಗೇ ಸೇರುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದೊಡನೆ ಕೊಳ್ಳುವವರಿಲ್ಲದೆ ಮರ ಉಳಿಯಿತು. ಬೇರೆಯವರಾಗಿದ್ದರೆ ಯುದ್ಧ ಮುಗಿಯಲಿ ಎಂದು ಕಾಯುತ್ತಿದ್ದರೇನೋ. ಮೈಸೂರು ಸರ್ಕಾರ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ತಜ್ಞರ ನೆರವು ಪಡೆದು ತಾನೇ ಎಣ್ಣೆ ತೆಗೆಯಲು ನಿಂತಿತು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಮೈಸೂರಿನ ಕಾರ್ಖಾನೆಯೂ, ಸಾಬೂನು ತಯಾರಿಕೆಯೂ ಅದರ ಬೆನ್ನಿಗೇ ಬಂದವು. ಮೈಸೂರು ಸ್ಯಾಂಡಲ್ ಸೋಪು ಇಂದಿಗೂ ಮನೆಮನೆಯಲ್ಲಿದೆ. ಮರವನ್ನು ಮರವಾಗಿಯೇ ಮಾರುವುದಕ್ಕೂ, ಎಣ್ಣೆಯಾಗಿಸಿ, ಸಾಬೂನಾಗಿಸಿ, ಪೆಟ್ಟಿಗೆಯಲ್ಲಿಟ್ಟು ಹೆಸರು ಬರೆದು ಮಾರುವುದಕ್ಕೂ ಇರುವ ಅಂತರವನ್ನು ಹದಿನಾಲ್ಕರ ಹುಡುಗನಿಗೆ ವಿವರಿಸಲು ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಹೀಗಿದ್ದೂ ಕಸುಬಿನ ಶಾಲೆಗಳಿಗೆ ಹೈಸ್ಕೂಲಿನ ಗೌರವ ಸಿಗಲಿಲ್ಲ. ದೊಡ್ಡ ಕಾರ್ಖಾನೆ, ದೊಡ್ಡ ಕಟ್ಟೆಗಳು ಜನರ ಕಣ್ಣು ಸೆಳೆದವು. ಸಣ್ಣ ಕುಲುಮೆಯ ಪಕ್ಕದ ಪಾಠ ಸೆಳೆಯಲಿಲ್ಲ. ತಂದೆ ತಾಯಂದಿರ ಕಣ್ಣು ಕಚೇರಿಯ ಕುರ್ಚಿಯ ಮೇಲೇ ಇತ್ತು. ಅದಕ್ಕೆ ಅವರನ್ನು ದೂರುವುದೂ ಸರಿಯಲ್ಲ. ಬರಗಾಲಕ್ಕೂ ಬೆಲೆ ಕುಸಿತಕ್ಕೂ ಜಗ್ಗದ ಆದಾಯವೆಂದರೆ ಆಗ ಸರ್ಕಾರಿ ಸಂಬಳವೊಂದೇ.

ಆ ಕುರ್ಚಿಯ ಪ್ರಶ್ನೆಯೇ ಕೊನೆಗೆ ವಿಶ್ವೇಶ್ವರಯ್ಯನವರ ದಿವಾನಗಿರಿಗೂ ಮುಕ್ತಾಯ ಹಾಡಿತು. ಮೈಸೂರಿನ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರ ಸಂಖ್ಯೆ ಅತಿಯಾಗಿತ್ತು. ಉಳಿದ ಸಮುದಾಯಗಳು ತಮ್ಮ ಪಾಲು ಕೇಳತೊಡಗಿದವು. ನ್ಯಾಯವಾದ ಬೇಡಿಕೆಯೆಂದು ಮಹಾರಾಜರಿಗೂ ಅನ್ನಿಸಿತು. 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ನೇಮಕಾತಿಯಲ್ಲಿ ಅರ್ಹತೆಯ ಹೊರತು ಬೇರೆ ಮಾನದಂಡ ಸಲ್ಲದೆಂಬ ನಿಲುವಿನ ದಿವಾನರು ಇದನ್ನು ಒಪ್ಪಲಿಲ್ಲ. ಹಿಂದುಳಿದವರಿಗೆ ಶಿಕ್ಷಣ ಕೊಡಿ, ವಿದ್ಯಾರ್ಥಿವೇತನ ಕೊಡಿ, ಹುದ್ದೆಯಲ್ಲಿ ಮಾತ್ರ ರಿಯಾಯಿತಿ ಬೇಡ ಎಂಬುದು ಅವರ ಪಟ್ಟು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಧಿಕಾರದಿಂದ ನಿರ್ಗಮಿಸಿದರು.

ಸರ್ ಎಂವಿ ಅವರನ್ನು ಪೂಜಿಸುವವರು ಈ ಅಧ್ಯಾಯವನ್ನು ಬೇಗ ದಾಟಿಬಿಡುತ್ತಾರೆ. ಟೀಕಿಸುವವರು ಇದರಲ್ಲೇ ನಿಂತುಬಿಡುತ್ತಾರೆ. ಎರಡೂ ಅನುಚಿತ. ಸರ್ಕಾರಿ ನೌಕರಿಗಾಗಿ ನಡೆಯುವ ನೂಕುನುಗ್ಗಲಿಗೆ ಉದ್ಯಮವೇ ಪರಿಹಾರ ಎಂಬುದು ಅವರ ನಂಬಿಕೆಯಾಗಿತ್ತು. ಅವರು ನೋಡಿದ್ದು ಸಂಬಳವನ್ನು. ಪಾಲು ಕೇಳಿದವರು ನೋಡಿದ್ದು ಅಧಿಕಾರವನ್ನು. ಉದ್ಯಮ ಕಟ್ಟಲು ವಿದ್ಯೆಯೊಂದೇ ಸಾಲದು, ಬಂಡವಾಳ ಬೇಕು, ಪರವಾನಗಿ ಬೇಕು, ಕಚೇರಿಗೆ ಹೋದರೆ ಕೂಡಿಸಿ ಮಾತನಾಡಿಸುವ ತನ್ನವನೊಬ್ಬ ಬೇಕು. ಸಾಲಮಂಜೂರಾತಿಯ ಮೇಜಿನ ಆಚೆ ಬದಿಯಲ್ಲಿ ಒಂದೇ ಸಮುದಾಯದವರು ಕುಳಿತಿರುವಾಗ ಈಚೆ ಬದಿಯ ಒಕ್ಕಲು ಮಗನಿಗೆ ಸ್ವಾವಲಂಬನೆಯ ಪಾಠ ಹೇಳಿ ಪ್ರಯೋಜನವೇನು ಎಂಬ ಪ್ರಶ್ನೆಗೆ ಅವರ ಯೋಜನೆಗಳಲ್ಲಿ ಉತ್ತರವಿರಲಿಲ್ಲ. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಸಲ್ಲಿಸಿತು, ಅದರ ಆಧಾರದ ಮೇಲೆ ಮೈಸೂರಿನಲ್ಲಿ ಮೀಸಲು ನೀತಿ ಜಾರಿಗೆ ಬಂತು. ಹಳ್ಳಿಗಾಡಿನ ಓದಿದ ಮೊದಲ ತಲೆಮಾರುಗಳು ಕಚೇರಿಯ ಒಳಗೆ ಕಾಲಿಟ್ಟದ್ದು ಆ ಬಾಗಿಲಿನಿಂದಲೇ.

ಅಧಿಕಾರ ಬಿಟ್ಟಾಗ ಅವರಿಗೆ ಐವತ್ತೇಳು. ಸುಮ್ಮನೆ ಕೂರುವ ಜಾಯಮಾನವಲ್ಲ. ಮತ್ತೆ ಜಪಾನ್, ಅಮೆರಿಕ, ಯುರೋಪ್ ಸುತ್ತಿದರು. 1920ರಲ್ಲಿ ಭಾರತದ ಪುನರ್ನಿರ್ಮಾಣ ಕುರಿತ ಇಂಗ್ಲಿಷ್ ಗ್ರಂಥ ಪ್ರಕಟಿಸಿದರು. 1921-22ರಲ್ಲಿ ಮುಂಬಯಿ ಸರ್ಕಾರ ನೇಮಿಸಿದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಯ ಅಧ್ಯಕ್ಷರಾದರು. ಸಮಿತಿಯ ಭಾರತೀಯ ಸದಸ್ಯರಿಗೂ ಐರೋಪ್ಯ ಸದಸ್ಯರಿಗೂ ಹೊಂದಾಣಿಕೆಯಾಗದೆ ಅಭಿಪ್ರಾಯ ಎರಡಾಗಿ ಒಡೆಯಿತು. ಭಾರತೀಯ ಹುಡುಗರಿಗೆ ಎಷ್ಟು ತಂತ್ರವಿದ್ಯೆ ಕಲಿಸಬೇಕೆಂಬುದು ಆಳುವವರಿಗೆ ಕೇವಲ ಶಿಕ್ಷಣದ ಪ್ರಶ್ನೆಯಾಗಿರಲಿಲ್ಲವಷ್ಟೆ. 1932ರಲ್ಲಿ ನಿರುದ್ಯೋಗದ ಬಗ್ಗೆ, 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯ ಬಗ್ಗೆ ಬರೆದರು. ಎಲ್ಲದರಲ್ಲೂ ತಿರುತಿರುಗಿ ಬರುವ ಸಂಗತಿ, ಕೈಗೆ ಕೆಲಸ ಬಾರದ ಶಿಕ್ಷಣದ ನಿರರ್ಥಕತೆ.

ಈ ನಡುವೆ 1923ರಿಂದ 1929ರವರೆಗೆ ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು. ಆ ಸೇವೆಗೆ ಸಲ್ಲಬೇಕಾದ ಹಣ ಕೈಗೆ ಬರುವಷ್ಟರಲ್ಲಿ ಲಕ್ಷಕ್ಕೂ ಮೀರಿದ ಮೊತ್ತವಾಗಿತ್ತು. ಅದನ್ನು ಅವರು ತಮಗಾಗಿ ಇಟ್ಟುಕೊಳ್ಳಲಿಲ್ಲ. ಹುಡುಗರಿಗೆ ವೃತ್ತಿ ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದರು. ಅದಕ್ಕೆ ತಮ್ಮ ಹೆಸರಿಡಲೂ ಒಪ್ಪದೆ ಮಹಾರಾಜರ ಹೆಸರು ಸೂಚಿಸಿದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಶ್ರೀ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ, ಇಂದಿನ ಎಸ್.ಜೆ. ಪಾಲಿಟೆಕ್ನಿಕ್.

ಇಲ್ಲಿನ ಪಾಠಪಟ್ಟಿ ಆ ಕಾಲಕ್ಕೆ ವಿಚಿತ್ರವೆನಿಸುವಂತಿತ್ತು. ಪದವಿಗಳ ಗೊಡವೆಗೆ ಹೋಗದೆ, ಪೇಟೆಯಲ್ಲಿ ಯಾವ ಕೆಲಸಕ್ಕೆ ಬೇಡಿಕೆಯಿದೆಯೋ ಅದನ್ನು ಕಲಿಸುವ ಕ್ರಮ. ಸಿನಿಮಾ ಛಾಯಾಗ್ರಹಣವೂ ಅದರಲ್ಲಿ ಸೇರಿತ್ತು. ಗೌರವಸ್ಥರ ಮನೆಗಳಲ್ಲಿ ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ದಿನಗಳವು. ಮೈಸೂರಿನ ಹುಡುಗ ವಿ.ಕೆ. ಮೂರ್ತಿ ನಲವತ್ತರ ದಶಕದಲ್ಲಿ ಇಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದರು. ಗುರುದತ್ ಅವರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳ ನೆರಳು ಬೆಳಕು ಅವರ ಕೈಚಳಕ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೂರ್ತಿಯವರು ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ. ನಿರ್ದೇಶಕ ಗೋವಿಂದ ನಿಹಲಾನಿ ಕೂಡ ಇದೇ ಸಂಸ್ಥೆಯ ವಿದ್ಯಾರ್ಥಿ. ಕಬ್ಬಿಣದ ಕಾರ್ಖಾನೆಯ ಸಂಬಳ ಹಿಂದಿ ಚಿತ್ರರಂಗದ ಬೆಳಕಾಗಿ ಮಾರ್ಪಟ್ಟ ಈ ದಾರಿಯನ್ನು ಸ್ವತಃ ಸರ್ ಎಂವಿ ಊಹಿಸಿದ್ದರೆಂದು ತೋರುವುದಿಲ್ಲ.

ಡಿಪ್ಲೊಮಾ ಶಿಕ್ಷಣದ ಈ ಪರಂಪರೆ ಬೆಂಗಳೂರಿಗಷ್ಟೇ ನಿಲ್ಲಲಿಲ್ಲ. ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಓದಿದ ಹೊಳೆನರಸೀಪುರ ತಾಲ್ಲೂಕು ಹರದನಹಳ್ಳಿಯ ರೈತನ ಮಗನೊಬ್ಬ ಸರ್ಕಾರಿ ನೌಕರಿಗೆ ಕಾಯದೆ ಸಣ್ಣಪುಟ್ಟ ಕಾಮಗಾರಿಗಳ ಗುತ್ತಿಗೆ ಹಿಡಿದು ಬದುಕು ಆರಂಭಿಸಿದ. ಆ ಗುತ್ತಿಗೆದಾರ 1962ರಲ್ಲಿ ಶಾಸಕರಾದರು, 1996ರಲ್ಲಿ ದೇಶದ ಪ್ರಧಾನಿಯಾದರು. ಎಚ್.ಡಿ. ದೇವೇಗೌಡರ ರಾಜಕೀಯದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಹಳ್ಳಿಯ ಹುಡುಗನಿಗೆ ಕಾಲೇಜು ಪದವಿಗಿಂತ ಮೊದಲೇ ಕೈಗೊಂದು ವಿದ್ಯೆ ಸಿಕ್ಕರೆ ಏನಾಗಬಹುದೆಂಬುದಕ್ಕೆ ಹಾಸನದವರು ದೂರದ ಉದಾಹರಣೆ ಹುಡುಕಬೇಕಿಲ್ಲ.

ಎಂಬತ್ತು ದಾಟಿದ ಮೇಲೂ ವಿಶ್ವೇಶ್ವರಯ್ಯನವರ ಓಡಾಟ ನಿಲ್ಲಲಿಲ್ಲ. 1941ರಲ್ಲಿ ಅಖಿಲ ಭಾರತ ತಯಾರಕರ ಸಂಘಟನೆಯನ್ನು ಕಟ್ಟಿದರು. ದೇಶದಲ್ಲೇ ಮೋಟಾರು ಕಾರು ತಯಾರಿಸುವ ಕಾರ್ಖಾನೆಗಾಗಿ ವರ್ಷಗಟ್ಟಲೆ ಹೆಣಗಿದರು. ಬ್ರಿಟಿಷ್ ಸರ್ಕಾರದ ಅಸಹಕಾರದಿಂದ ಮೈಸೂರಿಗೆ ಅದು ದಕ್ಕಲಿಲ್ಲ. 1946ರಲ್ಲಿ ಉದ್ಯಮಿಗಳ ತಂಡದೊಂದಿಗೆ ಅಮೆರಿಕಕ್ಕೆ ಹೋದರು. ಸ್ವಾತಂತ್ರ್ಯ ಬಂದ ಮೇಲೆ ಅವರ ಗಮನ ಮತ್ತೆ ಹಳ್ಳಿಯತ್ತ ತಿರುಗಿತು. ಗ್ರಾಮಗಳನ್ನು ಗುಂಪುಗೂಡಿಸಿ, ಗುಂಪಿಗೊಂದು ಸಮಿತಿ ರಚಿಸಿ, ಸ್ಥಳೀಯರೇ ತಮಗೆ ಒಗ್ಗುವ ಸಣ್ಣ ಕೈಗಾರಿಕೆ ಆರಿಸಿಕೊಳ್ಳುವ ಗ್ರಾಮ ಕೈಗಾರಿಕೀಕರಣ ಯೋಜನೆ ಅವರದು. ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಅದನ್ನು ಪ್ರಾಯೋಗಿಕವಾಗಿ ಕೈಗೊಳ್ಳಲಾಯಿತು. ಜನ ಹಾಗೂ ಸರ್ಕಾರದ ಉತ್ಸಾಹ ಮಾತ್ರ ತೊಂಬತ್ತರ ಆ ಮುದುಕರ ಉತ್ಸಾಹಕ್ಕೆ ಸಾಟಿಯಾಗಲಿಲ್ಲ. ರಾಜ್ಯದ ಯೋಜನೆಗಳೆಲ್ಲ ಅಷ್ಟರಲ್ಲಿ ಬೃಹತ್ತಿನ ಬೆನ್ನು ಹತ್ತಿದ್ದವು. ಆ ಬೃಹತ್ ಕನಸಿಗೂ ಮೂಲಪುರುಷರಲ್ಲಿ ಅವರೇ ಒಬ್ಬರು ಎಂಬುದನ್ನು ಮರೆಯುವಂತಿಲ್ಲ.

ಪ್ರೌಢಶಾಲೆಗಳ ಮಟ್ಟಿಗೆ ನೋಡಿದರೆ, ಅವರ ನಂತರ ವೃತ್ತಿ ಶಿಕ್ಷಣ ಹಲವು ಬಾರಿ ಬೇರೆ ಬೇರೆ ಹೆಸರಿನಲ್ಲಿ ತರಗತಿಗೆ ಬಂದು ಹೋಗಿದೆ. ನಮ್ಮಲ್ಲಿ ಅನೇಕರು ಶಾಲೆಯಲ್ಲಿ ತಕಲಿಯಿಂದ ನೂಲು ತೆಗೆದವರು, ರಟ್ಟಿನ ಪೆಟ್ಟಿಗೆ ಮಾಡಿದವರು, ತೋಟಗಾರಿಕೆ ತರಗತಿಯೆಂದು ಮೇಷ್ಟರ ಗಿಡಕ್ಕೆ ನೀರೆರೆದವರು. ಅವುಗಳಿಗೆ ಅಂಕವಿತ್ತು, ಲೆಕ್ಕವಿರಲಿಲ್ಲ. ನೂಲಿಗೆ ಎಷ್ಟು ಖರ್ಚಾಯಿತು, ಮಾರಿದರೆ ಎಷ್ಟು ಬರುತ್ತದೆ, ಯಾರು ಕೊಳ್ಳುತ್ತಾರೆ ಎಂದು ಯಾವ ಮೇಷ್ಟರೂ ಕೇಳಲಿಲ್ಲ. ಈಗಿನ ಉದ್ಯಮಶೀಲತೆಯ ಘಟಕದಲ್ಲಿ ಈ ಪ್ರಶ್ನೆಗಳಿವೆ, ಆದರೆ ಬಹುತೇಕ ಪುಸ್ತಕದಲ್ಲೇ ಇವೆ. ಉತ್ತರ ಬರೆದು ಅಂಕ ಪಡೆಯುವ ವಿಷಯವಾಗಿ ಉದ್ಯಮ ಉಳಿದುಬಿಟ್ಟರೆ, ಅದರಲ್ಲಿ ಪೂರ್ಣ ಅಂಕ ಪಡೆದ ಮಕ್ಕಳೂ ಸರ್ಕಾರಿ ನೇಮಕಾತಿಯ ಅರ್ಜಿ ತುಂಬಲು ಸಾಲಿನಲ್ಲಿ ನಿಂತಾರು.

1955ರಲ್ಲಿ ಭಾರತ ರತ್ನ ಪುರಸ್ಕಾರ ಪಡೆದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ ನೂರು ತುಂಬಿತ್ತು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ, ಬಾಳಿದ ಮನೆ ಸ್ಮಾರಕವಾಗಿದೆ. ಅವರು ಕೊಟ್ಟ ಹಣದಿಂದ ಆರಂಭವಾದ ಪಾಲಿಟೆಕ್ನಿಕ್ ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿದ್ದು, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರು ಪ್ರತಿ ವರ್ಷ ಅಲ್ಲಿ ಡಿಪ್ಲೊಮಾಗೆ ಸೇರುತ್ತಾರೆ.